ಗೋರಿ ಇದ್ದವಳ ನೆಲ

ಗಂಡನ ಗೋರಿಗೆ ಬಿದ್ದ ಮೂರನೆಯ ಗುದ್ದಲಿ ಏಟಿಗೆ ನಂಟೆಜಾ ಪಕ್ಕದ ಬಾಳೆಗೆ ಒರಗಿ ನಿಂತಳು. ಬೀಳಬಾರದು. ಬಿದ್ದರೆ ಒಪ್ಪಿಕೊಂಡ ಹಾಗೆ.

"ಭಾರಿ ಆಳಕ್ಕೆ ಹೂತಿದ್ದೀಯಂತಲ್ಲಮ್ಮ," ಎಂದ ಮುಗೆರ್ವಾ. ಅವನು ಜಮೀನ್ದಾರನ ಏಜೆಂಟ್. "ಅಷ್ಟು ಭಯ ಯಾರದು?"

"ನಾಯಿಗಳು ಕೆದಕ್ತಾವೆ."

"ನಾಯಿಗಳೋ, ಪೊಲೀಸರೋ?"

ಇನ್‌ಸ್ಪೆಕ್ಟರ್ ಹತ್ತು ಮಾರು ದೂರ, ಕಾಫಿ ಗಿಡದ ನೆರಳಲ್ಲಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ. ಅಗೆಯುವ ಇಬ್ಬರಿಗೂ ಮನಸ್ಸಿರಲಿಲ್ಲ. ಹಾಳು ಮಣ್ಣು ಮಾತ್ರ ಸಲೀಸಾಗಿ ಮೇಲೆ ಬರುತ್ತಿತ್ತು.

ಆ ಸೀಮೆಯ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ನೆಲ ಜಮೀನ್ದಾರನದು, ಉಳುವ ಹಕ್ಕು ಗಂಡಸಿನದು. ಗಂಡ ಬಿಟ್ಟವಳು ಪಾತ್ರೆ ಪಗಡೆ ಹೊತ್ತುಕೊಂಡು ತವರಿಗೆ ನಡೆಯಬೇಕು. ಗಂಡನ ಗೋರಿ ತೋಟದಲ್ಲಿದ್ದವಳನ್ನು ಮಾತ್ರ ಯಾರೂ ಎಬ್ಬಿಸುವಂತಿಲ್ಲ. ನಂಟೆಜಾಳ ಬಾಳೆತೋಟದ ಮೂರು ದಿಕ್ಕಿಗೂ ಆಗಲೇ ಜಮೀನ್ದಾರನ ಕಬ್ಬು ಬಂದು ನಿಂತಿತ್ತು. ಅವಳ ತೋಟ ನಡುವೆ ಮೂಳೆಯ ಹಾಗೆ ಸಿಕ್ಕಿಕೊಂಡಿತ್ತು, ನುಂಗಲು ಅಡ್ಡಿಯಾಗಿದ್ದದ್ದು ಆ ಗೋರಿ.

ಆದರೆ ಗಂಡನನ್ನು ಕೊಂದವಳಿಗೆ ಯಾವ ಕಟ್ಟಳೆಯೂ ಇಲ್ಲ. ಅವಳಿಗೆ ಜೈಲು, ನೆಲಕ್ಕೆ ಕಬ್ಬು. ಮುಗೆರ್ವಾ ದೂರು ಕೊಟ್ಟದ್ದು ಅದಕ್ಕೇ.

ದೂರಿನಲ್ಲಿ ಹುರುಳಿಲ್ಲ ಎನ್ನುವ ಹಾಗೂ ಇರಲಿಲ್ಲ. ಪಟ್ಟಣದಲ್ಲಿ ಇನ್ನೊಬ್ಬಳಿದ್ದಾಳೆ, ನೀನು ಹೊರಡು ಎಂದು ಅವಳ ಗಂಡ ಲುಬೇಗ ಕೂಗಾಡಿದ್ದನ್ನು ಬೇಲಿಯಾಚೆಯವರು ಕೇಳಿದ್ದರು. ಆಮೇಲೆ ಅವನು ಕಾಣಲಿಲ್ಲ. ವಾರ ಕಳೆದ ಮೇಲೆ, ಒಂದು ಸಂಜೆ ನಂಟೆಜಾ ಕತ್ತಿ ಮಸೆಯುತ್ತಿದ್ದಳು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹೆಣಕ್ಕೆ ಸುತ್ತುವ ಮರದ ತೊಗಟೆಬಟ್ಟೆಯಲ್ಲಿ ಕಟ್ಟಿದ ಉದ್ದನೆಯ ಮೂಟೆ. ಪಟ್ಟಣದಲ್ಲಿ ಕಾಲರಾ ಬಡಿದು ಸತ್ತ, ರಾತ್ರಿ ಲಾರಿಯಲ್ಲಿ ಹಾಕಿಕೊಂಡು ಬಂದೆ, ಯಾರೂ ಬಿಚ್ಚಬೇಡಿ ಎಂದಳು. ಲಾರಿಯನ್ನು ನೋಡಿದವರಿಲ್ಲ. ಮೂಟೆಯಿಂದ ನೀರು ಜಿನುಗುತ್ತಿತ್ತು. ಅವಳ ಉಡುಪಿನ ತುಂಬ ಕಂದು ಕಲೆ. ಕಾಲರಾ ಅಂದಮೇಲೆ ಕೇಳುವವರಾರು? ಊರು ದೂರದಲ್ಲೇ ನಿಂತು ಅತ್ತು, ಮಣ್ಣು ಹಾಕಿ, ಕೈ ತೊಳೆದುಕೊಂಡು ಹೋಯಿತು.

ನಂಟೆಜಾಳಿಗೆ ಮುಗೆರ್ವಾನ ಭಯಕ್ಕಿಂತ ಅತ್ತೆಯ ಭಯ ಹೆಚ್ಚು. ಮುದುಕಿ ಬಿರಬ್ವಾಗೆ ಎರಡೂ ಕಣ್ಣಿಲ್ಲ. ಹೂಳುವ ದಿನ ಮೂಟೆಯ ಒಂದು ತುದಿಗೆ ಕೈ ಕೊಟ್ಟು, "ನನ್ನ ಮಗ ಇಷ್ಟು ಭಾರ ಇರ್ಲಿಲ್ಲ," ಎಂದಿದ್ದಳು. ಒಂದು ದಿನ ಸೊಸೆ ಬಟ್ಟೆ ತಿಕ್ಕುವ ಸದ್ದು ಕೇಳಿ, "ಉಜ್ಜಬೇಡ. ಆ ಕಲೆ ಹೋಗಲ್ಲ," ಎಂದಳು. ಅಷ್ಟೇ. ನಾಲ್ಕು ತಿಂಗಳಲ್ಲಿ ಬೇರೆ ಮಾತಿಲ್ಲ. ದಿನವೂ ಮಗನ ಗೋರಿಗೂ ಗಂಡನ ಗೋರಿಗೂ ನಡುವೆ ಚಾಪೆ ಹಾಕಿ ಕೂರುತ್ತಿದ್ದಳು. ಗಂಡನದು ಮೂವತ್ತು ವರ್ಷದ ಹಳೆಯ ಗೋರಿ. ಅವನು ಸತ್ತದ್ದೂ ಪಟ್ಟಣದಲ್ಲೇ.

ಈಗಲೂ ಅಲ್ಲೇ ಕೂತಿದ್ದಳು, ಕಿವಿಯನ್ನು ಗುದ್ದಲಿಗೆ ಕೊಟ್ಟು.

ಗುದ್ದಲಿ ಮೆತ್ತಗಿನದಕ್ಕೆ ತಾಗಿತು. ಅಗೆಯುವವರು ಹಾರಿ ಮೇಲೆ ಬಂದರು. ಹುಳಿ ನಾತವೊಂದು ಏರಿ ಬಂತು. ಮುಗೀತು, ಅಂದುಕೊಂಡಳು ನಂಟೆಜಾ.

"ಬಿಚ್ಚಿ," ಎಂದ ಮುಗೆರ್ವಾ.

"ಕಾಲರಾ ಸ್ವಾಮಿ. ನಮಗೂ ಮನೆಮಕ್ಕಳಿದ್ದಾರೆ," ಎಂದ ಅಗೆಯುವವರಲ್ಲೊಬ್ಬ.

ಮುಗೆರ್ವಾ ಇನ್‌ಸ್ಪೆಕ್ಟರ್ ಕಡೆ ನೋಡಿದ. ಇನ್‌ಸ್ಪೆಕ್ಟರ್ ಇನ್ನೆರಡು ಹೆಜ್ಜೆ ಹಿಂದೆ ಸರಿದ. "ಹೆತ್ತವರು ಗುರುತು ಹೇಳಿದ್ರೆ ಸಾಕು," ಎಂದ.

"ನನ್ನ ಇಳಿಸಿ," ಎಂದಳು ಬಿರಬ್ವಾ.

ತೋಳು ಹಿಡಿದು ಇಳಿಸಿ ಅಗೆಯುವವರು ದೂರ ಓಡಿದರು. ಕೂಗಿಬಿಡೋಣ, ಎಲ್ಲ ಹೇಳಿಬಿಡೋಣ ಅನ್ನಿಸಿತು ನಂಟೆಜಾಳಿಗೆ. ಅಷ್ಟರಲ್ಲಿ ಮುದುಕಿ ಮಂಡಿಯೂರಿ ಬಟ್ಟೆಯ ಸೀಳಿನೊಳಗೆ ಕೈ ತೂರಿಸಿದಳು. ಮೊಣಕೈವರೆಗೂ. ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಡವಿದಳು. ಹಿಂದಿರುಗಿ ಮತ್ತೊಮ್ಮೆ ತಡವಿದಳು.

"ಕುತ್ತಿಗೆ ನೋಡಜ್ಜಿ," ಇನ್‌ಸ್ಪೆಕ್ಟರ್ ದೂರದಿಂದಲೇ ಕೂಗಿದ. "ತಲೆ ನೋಡು. ಕತ್ತಿ ಏಟಿದೆಯಾ?"

ನಂಟೆಜಾ ಕಣ್ಣು ಮುಚ್ಚಿಕೊಂಡಳು.

"ಏಟಿಲ್ಲ," ಎಂದಳು ಬಿರಬ್ವಾ. "ಇವನು ನನ್ನ ಮಗ. ಸತ್ತಿದ್ದಾನೆ." ಹೇಳಿ ಮುಗಿಸಿದವಳೇ ಅಳತೊಡಗಿದಳು. ಹೂತ ದಿನ ಅವಳು ಅತ್ತಿರಲಿಲ್ಲ.

"ಮುದುಕಿ ಸುಳ್ಳು ಹೇಳ್ತಿದ್ದಾಳೆ," ಎಂದ ಮುಗೆರ್ವಾ.

ಬಿರಬ್ವಾ ಒದ್ದೆ ಕೈಯನ್ನು ಅವನ ದನಿ ಬಂದ ಕಡೆಗೆ ಚಾಚಿದಳು. "ಬಾಪ್ಪಾ. ನೀನೂ ಮುಟ್ಟಿ ನೋಡು."

ಮುಗೆರ್ವಾ ಹಿಂದಕ್ಕೆ ನೆಗೆದ ರಭಸಕ್ಕೆ ಅವನ ಟೋಪಿ ಬಿತ್ತು. ಅದನ್ನೂ ಎತ್ತಿಕೊಳ್ಳಲಿಲ್ಲ. ಗೋರಿ ಮುಚ್ಚಿಸಿ ಇನ್‌ಸ್ಪೆಕ್ಟರ್ ಕಾಗದಕ್ಕೆ ಸಹಿ ಹಾಕಿದ, ಜೀಪು ಕಬ್ಬಿನ ನಡುವೆ ಮರೆಯಾಯಿತು.

ನಂಟೆಜಾ ಅತ್ತೆಯನ್ನು ಅಡಿಗೆಮನೆಗೆ ಕರೆತಂದು ಕೂರಿಸಿದಳು. ಬಿಸಿನೀರು ಸುರಿದು ಆ ಕೈಗಳನ್ನು ತೊಳೆದಳು. ಈಗ ಕೇಳುತ್ತಾಳೆ, ಈಗ ಶಪಿಸುತ್ತಾಳೆ ಎಂದು ಕಾದಳು.

"ಅತ್ತೆ, ನಾನು..."

"ಎಳೇ ಬಾಳೆದಿಂಡು ಬೇಗ ಕೊಳೆಯುತ್ತೆ ಮಗಳೇ," ಎಂದಳು ಬಿರಬ್ವಾ. "ನಿನ್ನ ಮಾವ ಪಟ್ಟಣದವಳ ಹಿಂದೆ ಓಡಿಹೋದಾಗ, ಆ ಪಕ್ಕದ ಗೋರೀಲಿ ನಾನು ಬಲಿತದ್ದನ್ನೇ ಕಡಿದು ಹೂತಿದ್ದೆ."