ಎತ್ತಿದ ಕೈ

"ಫೈನಲ್ ಮುಗಿದ ಮೇಲೆಯೇ ಅವನ ಅಮಾನತು ಶುರುವಾಗಲಿ ಅನ್ನೋರು ಕೈ ಎತ್ತಿ" ಎಂದರು ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು. ಸಮಿತಿಯವರೆಲ್ಲ ಎತ್ತಿದರು. ಕೊನೆಗೆ ಎದ್ದದ್ದು ತಂಡದ ಡಾಕ್ಟರಮ್ಮನ ಕೈ. ಅದು ಕಿವಿಯ ಹತ್ತಿರ ಬಂದು ನಿಂತಿತು. ಕುಡಿದು ಬಂದು ಕ್ಯಾಂಟೀನಿನ ಹೆಂಗಸಿನ ಕೈ ತಿರುಚಿದವನು ತಂಡದ ಸ್ಟ್ರೈಕರ್. ಅವನಿಲ್ಲದೆ ಫೈನಲ್ಲಿನ ಕಪ್ ಸಿಗುವುದಿಲ್ಲ. ಅವನು ತಿರುಚಿದ ಕೈಗೆ ಬ್ಯಾಂಡೇಜು ಸುತ್ತಿದ್ದು ಡಾಕ್ಟರಮ್ಮನೇ. "ಮೀಟಿಂಗಲ್ಲಿ ನೀವಿರ್ತೀರಲ್ಲ, ಅಷ್ಟು ಸಾಕು ನಂಗೆ" ಎಂದಿದ್ದಳು ಆಗ ಆ ಹೆಂಗಸು.

ಕೈಗಳು ಇಳಿಯುವ ಮೊದಲೇ ಬಾಗಿಲು ತಳ್ಳಿಕೊಂಡು ಅವಳೇ ಟೀ ತಂದಳು. ಟ್ರೇ ಎಡಗೈ ಮೇಲಿತ್ತು; ಬ್ಯಾಂಡೇಜಿನ ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಸಕ್ಕರೆ ಬೇಡದವರು ಕೈ ಎತ್ತಿ ಎಂದು ಕೇಳುವುದು ಪ್ರತಿ ಮೀಟಿಂಗಿನಲ್ಲೂ ಅವಳ ರೂಢಿ.

"ಅಬ್ಬಬ್ಬಾ, ನಾನು ಕೇಳೋಕೆ ಮುಂಚೇನೇ ಎತ್ತಿಬಿಟ್ರಾ? ಇಷ್ಟೂ ಜನಕ್ಕೆ ಸಕ್ಕರೆ ಬೇಡ್ವಾ?" ಎಂದು ನಕ್ಕಳು. ಅವಳು ಡಾಕ್ಟರಮ್ಮನ ಕಡೆ ತಿರುಗಿದಳು. "ಅಯ್ಯೋ, ನೀವ್ಯಾಕೆ ಡಾಕ್ಟರಮ್ಮ? ಎರಡು ಚಮಚ ಹಾಕದಿದ್ರೆ ನಿಮಗೆ ಗಂಟಲಲ್ಲೇ ಇಳಿಯಲ್ವಲ್ಲ!"

"ಇವತ್ತು ಬೇಡಮ್ಮ" ಎಂದರು ಡಾಕ್ಟರಮ್ಮ. ಎತ್ತಿದ ಕೈಯನ್ನು ಇಳಿಸಿ, ಅದೇ ಕೈಯಲ್ಲಿ ಸಪ್ಪೆ ಟೀಯ ಲೋಟ ತೆಗೆದುಕೊಂಡರು.