ಕರಿಬಂಡೆಯ ಹಿಂಬದಿ

ಕರಿಬಂಡೆಯ ಹಿಂದೆ ತನಗಿಂತ ಮೊದಲೇ ಅತ್ತೆ ನಿಂತಿರುವುದನ್ನು ಕಂಡು ನೊರೀನ್ ಗಕ್ಕನೆ ನಿಂತಳು.

ಮೇ ತಿಂಗಳ ಕೊನೆಯ ಭಾನುವಾರ ಮಾಂಟ್ರಿಯಲ್ಲಿನ ಐರಿಷರು ಇಗರ್ಜಿಯಿಂದ ನಡೆದು ಬಂದು ಈ ಬಂಡೆಗೆ ಹೂವಿಡುತ್ತಾರೆ. ಶತಮಾನಕ್ಕೂ ಹಿಂದೆ, ತಾಯ್ನಾಡಿನ ಬರಗಾಲದ ವರ್ಷ ಹಡಗಿನಲ್ಲಿ ಬಂದಿಳಿದು ಜ್ವರಕ್ಕೆ ಸತ್ತ ಸಾವಿರಾರು ಮಂದಿ ಇಲ್ಲೇ ಮಣ್ಣಾಗಿದ್ದಾರೆ. ಬಂಡೆಯ ಮೇಲೆ ಒಬ್ಬರ ಹೆಸರೂ ಇಲ್ಲ. ಹಾಗಾಗಿ ನೊರೀನ್ ಒಬ್ಬಳನ್ನು ತನ್ನವಳೆಂದುಕೊಂಡು ಹಾನೋರಾ ಎಂದು ಹೆಸರಿಟ್ಟಿದ್ದಳು. ಪ್ರತಿ ವರ್ಷ ಪ್ರವಚನ ಮುಗಿದ ಮೇಲೆ ಹಿಂಬದಿಗೆ ಬಂದು, ಬಂಡೆಗೆ ಕೈಯಿಟ್ಟು ಪ್ರಾರ್ಥನೆ ಮುಗಿಸುತ್ತಿದ್ದುದು ಒಂದೇ ಉಸಿರಿನಲ್ಲಿ. ಆಮೇಲಿನದೆಲ್ಲ ಅತ್ತೆಯ ಮೇಲಿನ ದೂರು. ಮನೆಯಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಸುರಿಯದಿದ್ದರೆ ಮುಂದಿನ ಒಂದು ವರ್ಷ ತಳ್ಳಲು ಅವಳಿಂದ ಆಗುತ್ತಿರಲಿಲ್ಲ.

ಈ ಸಲ ಪಾದ್ರಿಯ ಗಂಟಲು ಕೆಟ್ಟು ಪ್ರವಚನ ಬೇಗ ಮುಗಿದಿತ್ತು. ಅತ್ತೆ ವಿನಿಫ್ರೆಡ್ ಮುದುಕಿ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಬಂಡೆಗೆ ಅಂಗೈಯೊತ್ತಿ ಪಿಸುಗುಡುತ್ತಿದ್ದಳು: "ಕೇಳು ಕ್ಯಾಥರೀನ್, ನಮ್ಮ ಸೊಸೆ ಮಾಡೋ ಬ್ರೆಡ್ಡಿಗಿಂತ ಈ ನಿನ್ನ ಬಂಡೆನೇ ಮೆತ್ತಗಿದೆ ಕಣೇ..."

"ಅತ್ತೆ!"

ಮುದುಕಿ ತಿರುಗಿದಳು. ಮುಖದಲ್ಲಿ ನಾಚಿಕೆಯ ಸುಳಿವಿಲ್ಲ. "ಇಷ್ಟು ಬೇಗ ಯಾಕೆ ಬಂದೆ? ಪ್ರವಚನ ಮುಗೀತಾ?"

"ಇದು ನನ್ನ ಜಾಗ. ಇಲ್ಲಿರೋಳು ನನ್ನ ಹಾನೋರಾ."

"ನೀನು ಮದುವೆಯಾಗಿ ಬರೋಕ್ಮುಂಚಿಂದ ಇವಳು ನನ್ನ ಕ್ಯಾಥರೀನ್. ನೀನು ಇವಳ ಹತ್ರ ಏನು ಹೇಳ್ಕೊಂಡೆ?"

ನೊರೀನಳಿಗೆ ಎಲ್ಲಿತ್ತೋ ಧೈರ್ಯ. "ನಾನು ಉಪ್ಪು ಹಾಕಿದ ಸ್ಟ್ಯೂಗೆ ನೀವು ಕದ್ದು ಮತ್ತೆ ಉಪ್ಪು ಹಾಕ್ತೀರಲ್ಲ, ಅದನ್ನ. ಪ್ರತಿ ವರ್ಷ!"

"ಅಯ್ಯೋ, ಅದು ಅವಳಿಗೆ ಗೊತ್ತು. ನಾನೇ ಹೇಳಿದ್ದೀನಿ."

ರಸ್ತೆಯಲ್ಲಿ ಲಾರಿಯೊಂದು ಅಬ್ಬರಿಸಿ ಹೋಯಿತು. ಮುಂಭಾಗದಲ್ಲಿ ಯಾರೋ ಪಿಟೀಲು ಶ್ರುತಿ ಮಾಡುತ್ತಿದ್ದರು. ನೊರೀನಳ ಕಣ್ಣು ತುಂಬಿ ಬಂತು. ಇದ್ದ ಒಂದೇ ಒಂದು ಮೂಲೆ, ಅದೂ ಅತ್ತೆಯ ಪಾಲಾಯಿತಲ್ಲ.

"ಇವತ್ತಿಂದ ಇವಳನ್ನೂ ನೀವೇ ಇಟ್ಕೊಳ್ಳಿ," ಎಂದು ಹೊರಟವಳ ತೋಳನ್ನು ಮುದುಕಿ ಊರುಗೋಲಿನ ಕೊಕ್ಕೆಯಿಂದ ಎಳೆದಳು.

"ನಿಲ್ಲೇ. ಇವಳು ಜ್ವರದೋರನ್ನ ಕೂಡಿಟ್ಟಿದ್ದ ಶೆಡ್ಡಲ್ಲಿ ಮಾತಾಡಿಸೋರಿಲ್ದೆ ಸತ್ತವಳು. ಅತ್ತೆ ಆಗ್ಲಿಲ್ಲ, ಸೊಸೆನೂ ಆಗ್ಲಿಲ್ಲ. ಮನೆ ಜಗಳ ಅಂದ್ರೆ ಅವಳಿಗೂ ಎಷ್ಟು ಆಸೆಯೋ! ಒಬ್ಬಳ ಕಡೆಯದ್ದೇ ಕೇಳಿದ್ರೆ ಏನು ರುಚಿ?"

ಹಾಗೆಂದು ಮುದುಕಿ ಸ್ವಲ್ಪ ಸರಿದು ಜಾಗ ಬಿಟ್ಟಳು. ನೊರೀನ್ ತಡೆದು ತಡೆದು ಬಂಡೆಯ ಮೇಲೆ ಕೈಯಿಟ್ಟಳು.

"ನಿನ್ನ ಸರದಿ ಆಮೇಲೆ. ನಂದಿನ್ನೂ ಮುಗಿದಿಲ್ಲ, ಕಿವಿ ಮುಚ್ಕೋ."

ನೊರೀನ್ ಮುಚ್ಚಿಕೊಂಡಳು, ಲಾರಿಗಳ ಕಡೆಗಿದ್ದ ಕಿವಿಯನ್ನು ಮಾತ್ರ.