ಅತ್ತೆ ಹೊಲಿದ ಕಥೆಪುಸ್ತಕ

ಮೈದಾ ಅಂಟು ಕಾಯಿಸುವ ವಾಸನೆ ಬಂದರೆ ಇಂದಿಗೂ ಚಿಕ್ಕಂದಿನಲ್ಲಿ ಸೊರಬದ ಅತ್ತೆ ಮನೆಯಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಹಳೆಯ ಮಾಸಪತ್ರಿಕೆಗಳಿಂದ ಬಿಡಿಸಿಟ್ಟಿದ್ದ ಯಕ್ಷಿ, ರಾಕ್ಷಸ, ಮಾತಾಡುವ ಮರ, ಚಂದ್ರಲೋಕದ ಕಥೆಗಳನ್ನೆಲ್ಲ ಅತ್ತೆ ದಬ್ಬಣದಿಂದ ಒಂದೇ ಪುಸ್ತಕವಾಗಿ ಹೊಲಿದಿದ್ದರು. ಅದಕ್ಕೆ ಮುಂಚೆ ಹಾಳೆಗಳು ಫ್ಯಾನಿನ ಗಾಳಿಗೆ ಮನೆತುಂಬ ಹಾರಿದ್ದವು. ಹೇಗೋ ಆರಿಸಿ ಜೋಡಿಸಿದ್ದರು.

ಮೇಲೆ ಅಂಟಿಸಿದ ರಟ್ಟು ಒಣಗುವ ಮೊದಲೇ ನಾನು ಗಟ್ಟಿಯಾಗಿ ಓದತೊಡಗಿದೆ. ಸೆರೆಯಲ್ಲಿದ್ದ ರಾಜಕುಮಾರಿ ಕೋಟೆಯ ಬಾಗಿಲು ಬಡಿಯುತ್ತಿದ್ದಳು. ಪುಟ ತಿರುವಿದರೆ ಹುಡುಗಿಯೊಬ್ಬಳು ಚಂದ್ರನ ಮೇಲೆ ನಗುತ್ತ ನಡೆಯುತ್ತಿದ್ದಳು.

“ಅತ್ತೆ, ಇವಳು ಅಲ್ಲಿಗೆ ಯಾವಾಗ ಹೋದ್ಲು?”

ಅತ್ತೆ ಹಾಳೆ ನೋಡಿದರು, ತಾವು ಬಿಗಿದ ದಾರ ನೋಡಿದರು. “ನೀನು ಪುಟ ತಿರುವೋ ಹೊತ್ತಿಗೆ ಹೋಗಿರ್ತಾಳೆ ಕಣೇ.”

ಮುಂದಿನ ಪುಟವನ್ನು ನಾನು ಉಸಿರು ಬಿಗಿಹಿಡಿದು, ಸಂದಿಯಲ್ಲಿ ಇಣುಕುತ್ತ, ಬಹಳ ನಿಧಾನವಾಗಿ ತಿರುವಿದೆ.